ಕೇಳದೆ ನುಂಗದ ಮೈದುನ

ದೇವರೇ ಇಳಿದು ಬಂದು ಕೈಗೆ ಪ್ರಸಾದ ಇಟ್ಟರೂ ನನ್ನ ಮೈದುನ, ‘ಯಾವಾಗ ಮಾಡಿದ್ದು?’ ಎಂದು ಕೇಳಿಯೇ ಬಾಯಿಗೆ ಹಾಕಿಕೊಳ್ಳುವ ಆಸಾಮಿ! ಗುಬ್ಬಿ ಸಂತೆಯಲ್ಲಿ ಒಂದು ತೆಂಗಿನಕಾಯಿ ಕೊಳ್ಳಲು ರಾಶಿಯನ್ನೆಲ್ಲ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಕೊನೆಗೆ ವ್ಯಾಪಾರಿಯೇ, ‘ಏನಂತು ಸ್ವಾಮಿ ಕಾಯಿ?’ ಎಂದು ಕೇಳಿದ.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಆದರೂ ಕುಣಿಗಲ್‌ಗೆ ಹೆಣ್ಣು ನೋಡಲು ಕರೆದುಕೊಂಡು ಹೋದೆ. ಉಪ್ಪಿಟ್ಟು ಬಂತು. ‘ಎಲ್ಲಾ ನಮ್ಮುಡುಗೀನೇ ಮಾಡಿದ್ದು’ ಎಂದಳು ತಾಯಿ. ಈ ಮಾತನ್ನು ಯಾರಾದರೂ ನಂಬುತ್ತಾರೆಯೇ? ನಂಬದಿದ್ದರೂ ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ? ಇವನು ಮಾಡಿದ! ‘ರವೆ ಎಷ್ಟೊತ್ತು ಹುರುದ್ರಿ?’ ಎಂದು ಹುಡುಗಿಯನ್ನೇ ಕೇಳಿದ. ಅವಳು ತಾಯಿಯ ಮುಖ ನೋಡಿದಳು. ನಾನು ಚಪ್ಪಲಿ ಹುಡುಕಿದೆ.

‘ತಿಂದು ಸುಮ್ಕೆ ಬರೋಕಾಗಲ್ವೇನ್ಲಾ?’ ಎಂದು ಬಸ್ಸಿನಲ್ಲಿ ಬೈದೆ.

‘ಸುಳ್ಳು ಅಂತ ಗೊತ್ತಾದ್ಮೇಲೆ ಹೆಂಗೆ ನುಂಗ್ಲಿ ಅತ್ತಿಗೆ?’ ಎಂದ. ಒಂಟಿಯಾಗಿಯೇ ಉಳಿದ.

ಆಮೇಲೆ ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲೇ ಬ್ರೌಸಿಂಗ್ ಸೆಂಟರ್ ತೆರೆದ. ವಿಡಿಯೋ ನೋಡಲು ಹುಡುಗರು ಕಿಕ್ಕಿರಿದು ಬರುತ್ತಿದ್ದರು. ಒಂದು ದಿನ ಎಲ್ಲೋ ಏನೋ ಓದಿಕೊಂಡು ಬಂದವನು, ವಿಡಿಯೋ ತೋರಿಸುವ ಪ್ಲಗಿನ್ನನ್ನೇ ಎಲ್ಲ ಕಂಪ್ಯೂಟರಿನಿಂದ ಕಿತ್ತುಹಾಕಿದ!

‘ಅದೇನ್ಲಾ ತಪ್ಪು ಮಾಡ್ತು?’ ಎಂದೆ.

‘ಹೊರಗಿಂದ ಏನು ಕೊಟ್ರೂ, ಸರಿಯಾಗೈತಾ ಅಂತ ನೋಡ್ದೆ ಒಳಕ್ಕೆ ಬಿಟ್ಕೊಳ್ತದೆ ಅತ್ತಿಗೆ. ಯಾವನೋ ವಿಡಿಯೋ ಅಂತ ಹೇಳಿ ಬೇರೇನೋ ತುರುಕಿದ್ರೆ, ಇಡೀ ಕಂಪ್ಯೂಟ್ರು ಅವನ ಕೈಗೆ ಹೋಯ್ತದೆ. ಇಲ್ಲಿ ಕೂತೋರ ಪಾಸ್‌ವರ್ಡೂ ಹೋಯ್ತದೆ.’

‘ಹುಲ್ಲಿನ ಜೊತೆ ತಂತೀನೂ ನುಂಗೋ ಎಮ್ಮೆ ಅನ್ನು.’

‘ಅದೇ ಕಣತ್ತಿಗೆ! ಕಂಪನಿಯೋರು ಸರಿಮಾಡಿ ಕಳ್ಸೋಗಂಟ ನಾನು ಹಾಕಲ್ಲ.’

ಎದುರು ಸೆಂಟರಿನವನು ಅದೇ ಎಮ್ಮೆಯನ್ನು ಕಟ್ಟಿಕೊಂಡು ಆರಾಮಾಗಿದ್ದ. ಹುಡುಗರೆಲ್ಲ ಅಲ್ಲಿಗೆ ಹೋದರು. ಇವನಲ್ಲಿ ಫ್ಯಾನ್ ಮಾತ್ರ ತಿರುಗುತ್ತಿತ್ತು. ಹೀಗೇ ಆದರೆ ಅಂಗಡಿ ಮುಚ್ಚುವುದೇ ಗತಿ.

‘ಹಾಕ್ಬುಡ್ಲಾ, ಯಾರಿಗೆ ಗೊತ್ತಾಯ್ತದೆ?’ ಎಂದೆ.

‘ನನ್ನ ನಂಬಿ ಬಂದು ಕೂತ್ಕೊಳ್ತಾರಲ್ಲ ಅತ್ತಿಗೆ’ ಎಂದ.

ಸರಿಮಾಡಿದ ಪ್ಲಗಿನ್ ಕೊನೆಗೂ ಬಂತು, ಹುಡುಗರೂ ತಿರುಗಿ ಬಂದರು, ಬಿಡಿ. ನಾನು ಹೇಳಹೊರಟಿದ್ದು ಅದಕ್ಕೆ ಮುಂಚಿನ ಒಂದು ಮಧ್ಯಾಹ್ನದ ಮಾತು. ಹೋಟೆಲ್ ಊಟ ಬಿಟ್ಟು ಬನ್ನು, ಟೀಯಲ್ಲೇ ದಿನ ನೂಕುತ್ತಿದ್ದಾನೆಂದು ಕಿವಿಗೆ ಬಿತ್ತು. ಮನೆಗೆ ಕರೆದರೆ ‘ಹಸಿವಿಲ್ಲ’ ಅನ್ನುವ ಪೈಕಿ. ಮುದ್ದೆ ತೊಳಸಿ, ಅವರೆಕಾಳಿನ ಸಾರು ಮಾಡಿ, ಕ್ಯಾರಿಯರ್ ಹಿಡಿದು ನಾನೇ ಹೋದೆ.

‘ಮನೇಲಿ ಮಿಕ್ಕಿತ್ತು. ಯಾಕೆ ಬಿಸಾಕೋದು ಅಂತ ತಂದೆ’ ಎಂದು ಮೇಜಿನ ಮೇಲೆ ಕುಕ್ಕಿದೆ.

ಮುಚ್ಚಳ ತೆಗೆದ. ಬಿಸಿ ಮುದ್ದೆಯ ಹಬೆ ಎದ್ದು ಅವನ ಕನ್ನಡಕವೆಲ್ಲ ಮಂಜಾಯಿತು. ಇನ್ನೇನು, ‘ಯಾವಾಗ ಮಾಡಿದ್ದು?’ ಎಂದು ಕೇಳುತ್ತಾನೆ ಎಂದು ನಾನು ಬೈಗುಳ ಸಿದ್ಧ ಮಾಡಿಕೊಂಡೇ ನಿಂತೆ.

ಅವನು ಕನ್ನಡಕ ಕೂಡ ಒರೆಸಿಕೊಳ್ಳಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿದ.

‘ಹೂಂ ಅತ್ತಿಗೆ, ಮಿಕ್ಕಿದ್ದೇ ಇರ್ಬೇಕು’ ಎಂದು ನುಂಗಿದ.