ಮಹಾರಾಜರು ನೋಡುತ್ತಿದ್ದಾರೆ

ನನ್ನ ಹೆಂಡತಿಯ ಸೋದರಮಾವನ ಮನೆಯಿಂದ ಇದುವರೆಗೆ ಯಾರೂ ನೆಟ್ಟಗೆ ಹೊರಗೆ ಬಂದದ್ದಿಲ್ಲ. ಅಪಾರ್ಥ ಮಾಡಿಕೊಳ್ಳಬೇಡಿ, ಒಳ್ಳೆಯ ಜನ. ಕಾಫಿ ಕೊಡುತ್ತಾರೆ, ಕೋಡುಬಳೆ ಕೊಡುತ್ತಾರೆ. ಆದರೆ ಹೊರಡುವಾಗ ಹಿಂದಹಿಂದಕ್ಕೆ ನಡೆದು ಬಾಗಿಲು ದಾಟಬೇಕು. ಏಕೆಂದರೆ ನಡುಮನೆಯ ಗೋಡೆಯ ಮೇಲೆ ಮಹಾರಾಜರಿದ್ದಾರೆ, ರಾಜರಿಗೆ ಬೆನ್ನು ತೋರಿಸುವುದು ಯಡಿಯೂರಿನ ಆ ಮನೆಯಲ್ಲಿ ನಿಷಿದ್ಧ.

ಮಹಾರಾಜರೆಂದರೆ ಒಂದು ಹಳೆಯ ಕಪ್ಪುಬಿಳುಪು ಫೋಟೊ. ಶಾಮಿಯಾನದ ಕೆಳಗೆ ಪೇಟ ಧರಿಸಿ ಕುಳಿತು ಪೂಜಾ ಕುಣಿತ ನೋಡುತ್ತಿದ್ದಾರೆ. ದೇವಿಯ ಎತ್ತರದ ಪಟವನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು ಕುಣಿಯುವ ಕುಣಿತ ಅದು. ಫೋಟೊದವನಿಗೆ ಬೇಕಾಗಿದ್ದುದು ರಾಜರ ಮುಖ. ಹಾಗಾಗಿ ಕುಣಿಯುತ್ತಿರುವ ನಾಲ್ವರ ಬರಿಬೆನ್ನು ಮಾತ್ರ ನಮ್ಮ ಪಾಲಿಗೆ.

ಗ್ಯಾಸ್ ಸಿಲಿಂಡರ್ ತರುವವನೂ ಖಾಲಿ ಸಿಲಿಂಡರ್ ಹೊತ್ತು ರಿವರ್ಸಿನಲ್ಲೇ ಬರುತ್ತಾನೆ. ಬೀಪ್ ಬೀಪ್ ಶಬ್ದ ಒಂದು ಬಾಕಿ. ನಿಮಗೊಂದು ಸಲಹೆ: ಆ ಮನೆಗೆ ಹೋಗುವುದಾದರೆ ಹೊಸಿಲು ಎಷ್ಟು ಎತ್ತರ ಅನ್ನುವುದನ್ನು ಒಳಗೆ ಹೋಗುವಾಗಲೇ ಅಂದಾಜು ಮಾಡಿಟ್ಟುಕೊಳ್ಳಿ.

ಒಮ್ಮೆ ಈ ಸೋದರಮಾವನ ಮಗಳನ್ನು ನೋಡಲು ಅರೆಕೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ಗಂಡಿನ ತಂದೆ ಕಾಲ ಮೇಲೆ ಕಾಲು ಹಾಕಿ ಕುಳಿತರು. ಮಾವ ಮೆಲ್ಲಗೆ ಅವರ ಪಕ್ಕಕ್ಕೆ ಬಾಗಿದರು.

"ಸ್ವಲ್ಪ ಕಾಲು ಇಳಿಸ್ಕೊಳ್ಳಿ. ನೋಡ್ತಿದಾರೆ."

"ಯಾರು?"

"ಮಹಾರಾಜರು."

ಆ ಮನುಷ್ಯ ಫೋಟೊ ನೋಡಿದರು, ಮಾವನನ್ನು ನೋಡಿದರು, ಕಾಲು ಇಳಿಸಿದರು. ಸಂಬಂಧ ಮುರಿಯಿತು ಎಂದುಕೊಂಡು ನಾನು ಕೋಡುಬಳೆ ಕೆಳಗಿಟ್ಟೆ. ಮರುದಿನ ಅವರ ಫೋನ್ ಬಂತು. ಇಷ್ಟು ಶಿಸ್ತಿನ ಮನೆಯ ಹುಡುಗಿಯನ್ನು ಬಿಟ್ಟರೆ ತಪ್ಪಾಗುತ್ತದಂತೆ.

ಇಷ್ಟೆಲ್ಲ ರಾಜಭಕ್ತಿ ಯಾಕೆ? ಒಂದು ದಿನ ಕೇಳಿಯೇಬಿಟ್ಟೆ.

"ಭಕ್ತಿ ಅಲ್ಲ ಅಳಿಯಂದಿರೇ," ಎಂದರು ಮಾವ. "ಆ ನಾಲ್ಕು ಜನರಲ್ಲಿ ಒಬ್ಬರು ನಮ್ಮಪ್ಪ. ಗೊಟ್ಟಿಗೆರೆಯಿಂದ ಕರೆಸಿದ್ರಂತೆ. ನಾನು ತೊಟ್ಟಿಲಲ್ಲಿದ್ದಾಗ ಹೋಗ್ಬಿಟ್ರು. ಬೇರೆ ಫೋಟೊ ಇಲ್ಲ. ಇದರಲ್ಲಿದಾರೆ ಅಂತ ಅಮ್ಮ ಹೇಳಿದ್ರು, ಯಾರು ಅಂತ ಹೇಳಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ."

"ಅದಕ್ಕೂ ರಾಜರಿಗೂ ಏನು ಸಂಬಂಧ ಮಾವ?"

"ಅಪ್ಪನ ಮುಖ ನೋಡಿರೋರು ಈಗ ಈ ಮನೇಲಿ ಅವರೊಬ್ಬರೇ. ಅವರನ್ನ ಎದುರು ಹಾಕ್ಕೊಳಕ್ಕಾಗತ್ತಾ?"

ನಾನು ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಬೆಡ್‌ಶೀಟ್ ಮಾರಿ ಮೇಲೆ ಬಂದವನು. ಕಷ್ಟ ಯಾವುದೇ ಇರಲಿ, ಅದನ್ನು ಬಗೆಹರಿಸಿಕೊಡುವ ಅಂಗಡಿ ಒಂದು ಇದ್ದೇ ಇರುತ್ತದೆ ಎಂದು ನಂಬಿದವನು. ಮಹಾರಾಜರನ್ನು ಆಟೋದಲ್ಲಿ ಕರೆದೊಯ್ಯಲು ಮಾವ ಒಪ್ಪಲಿಲ್ಲವಾದ್ದರಿಂದ ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದುಕೊಂಡು ಜಯನಗರದ ಒಂದು ಸ್ಟುಡಿಯೋಗೆ ಹೋದೆ.

"ಈಗೆಲ್ಲಾ ಕಂಪ್ಯೂಟರ್ರೇ ಮುಖ ತಿರುಗಿಸಿಕೊಡತ್ತೆ ಸಾರ್," ಎಂದ ಸ್ಟುಡಿಯೋದವನು. "ಯಾರನ್ನ ತಿರುಗಿಸ್ಬೇಕು?"

"ಅದೇ ಗೊತ್ತಿಲ್ಲ. ನಾಲ್ಕೂ ಜನಾನ ತಿರುಗಿಸಿಬಿಡಿ. ಒಬ್ಬರ ರೇಟಲ್ಲಿ."

"ಆಗಲ್ಲ ಸಾರ್. ಇಬ್ಬರ ರೇಟ್ ಕೊಡಿ."

"ಸರಿ. ಹಾಗಾದ್ರೆ ಮಹಾರಾಜರ ಪೇಟದ ಮೇಲಿನ ಕಲೆ ಫ್ರೀಯಾಗಿ ತೆಗೀರಿ."

ಸಗಟು ವ್ಯಾಪಾರದಲ್ಲಿ ಒಂದು ತೊಂದರೆಯಿದೆ, ನೆನಪಿಟ್ಟುಕೊಳ್ಳಿ: ಎಲ್ಲ ಮಾಲೂ ಒಂದೇ ಥರ ಬರುತ್ತದೆ. ನಾಲ್ವರಿಗೂ ಒಂದೇ ಮುಖ ಬಂದಿತ್ತು. ಒಂದೇ ಹುರಿಮೀಸೆ, ಒಂದೇ ಉಬ್ಬು ಕೆನ್ನೆ, ಒಂದೇ ನಗು. ನನ್ನ ಹೆಂಡತಿ ಪ್ರಿಂಟನ್ನು ಹಿಂದೆ ಮುಂದೆ ಮಾಡಿ ನೋಡಿದಳು.

"ರೀ, ಇವರು ಕುಣಿಯೋಕೆ ಬಂದೋರಾ, ಟೂತ್‌ಪೇಸ್ಟ್ ಜಾಹೀರಾತಿಗೆ ಬಂದೋರಾ?"

ಆದರೂ ತೆಗೆದುಕೊಂಡು ಹೋದೆ. ನಾಲ್ವರಿಗೂ ಒಂದೇ ಮುಖವಾದ್ದರಿಂದ ಯಾರು ತಂದೆಯೆಂಬ ಗೊಂದಲವೂ ತೀರಿತಲ್ಲ ಎಂದು ವಾದಿಸಲು ಸಿದ್ಧನಾಗಿದ್ದೆ. ಮಾವ ಸ್ನಾನ ಮುಗಿಸಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಆಗತಾನೆ ಹೊರಗೆ ಬಂದಿದ್ದರು. ಪ್ರಿಂಟನ್ನು ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಬಳಿ ಹೋಗಿ, ಎರಡು ಕೈಯಲ್ಲೂ ಅದನ್ನು ಎತ್ತಿ ಮಹಾರಾಜರ ಕಣ್ಣಿನ ಎದುರಿಗೆ ಹಿಡಿದು ನಿಂತರು. ಸರ್ಕಾರಿ ಕಚೇರಿಯಲ್ಲಿ ಕಾಯುವಷ್ಟೇ ತಾಳ್ಮೆಯಿಂದ ಕಾದರು.

"ಇಲ್ಲ ಅಳಿಯಂದಿರೇ," ಎಂದರು ಕೊನೆಗೆ. "ಗುರುತು ಹಿಡೀತಿಲ್ಲ."

ನಗಬೇಕೆಂದುಕೊಂಡೆ, ಆಗಲಿಲ್ಲ. ಅವರ ಅಂಗಿಯಿಲ್ಲದ ಬೆನ್ನನ್ನು ನಾನು ನೋಡಿದ್ದು ಅಂದೇ ಮೊದಲು. ಎಡಭುಜ ಸ್ವಲ್ಪ ಮೇಲಕ್ಕೆ. ಕತ್ತು ಕೂದಲೆಳೆಯಷ್ಟು ಬಲಕ್ಕೆ. ಬಲಗಡೆಯ ಹೆಗಲಮೂಳೆ ಮಾತ್ರ ಮುಚ್ಚಳ ತೆರೆದಂತೆ ಹೊರಗೆ ಬಂದಿದೆ. ಅವರ ತಲೆಯ ಪಕ್ಕದಲ್ಲೇ ಫೋಟೊದ ನಾಲ್ಕು ಬೆನ್ನುಗಳು. ವ್ಯಾಪಾರ ಮುಗಿಸುವ ಮುಂಚೆ ಮಾಲನ್ನು ಎರಡು ಸಲ ನೋಡುವುದು ನನ್ನ ಅಭ್ಯಾಸ. ಎರಡು ಸಲ ನೋಡಿದೆ.

"ಮಾವ, ಎಡಗಡೆಯಿಂದ ಎರಡನೆಯವರು."

"ಹೇಗೆ ಹೇಳ್ತೀರಿ?"

"ನಿಮ್ಮ ಬೆನ್ನೂ ಹಾಗೇ ಇದೆ."

ಅವರು ತಿರುಗಲಿಲ್ಲ. ಪ್ರಿಂಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಫೋಟೊದ ಹತ್ತಿರಕ್ಕೆ ಬಾಗಿ, ಎರಡನೆಯವರ ಮೇಲೆ ಕಣ್ಣು ನೆಟ್ಟರು. ಇಷ್ಟು ವರ್ಷ ಅವರು ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದಾರೆ. ಬೆನ್ನು ಯಾರು ತಾನೆ ನೋಡಿಕೊಳ್ಳುತ್ತಾರೆ? ನಿಧಾನವಾಗಿ ಅವರ ಎಡಗೈ ಬಲಹೆಗಲ ಮೇಲಿನಿಂದ ಹಿಂದಕ್ಕೆ ಬಂತು. ಬೆರಳುಗಳು ತಡಕಾಡಿದವು.

"ಇಲ್ಲೇನಾ?"

"ಇನ್ನೂ ಸ್ವಲ್ಪ ಕೆಳಗೆ ಮಾವ."

"ಇಲ್ಲಿ?"

"ಹ್ಞೂ. ಅದೇ."

ಆ ಮೂಳೆಯನ್ನು, ಬೇರೆ ಯಾರದೋ ಮೈ ಮುಟ್ಟುವಷ್ಟು ಮೆತ್ತಗೆ, ಸವರುತ್ತಾ ನಿಂತರು.