ಶ್ರೀಲಂಕೆಯಲ್ಲಿ ನನ್ನ ಎಡಗಾಲಿನ ಸೇವೆ

ನನಗೊಂದು ಕೆಟ್ಟ ಅಭ್ಯಾಸವಿದೆ. ನಾಲ್ಕು ಜನ ಸೇರಿರುವ ಕಡೆ ಯಾರಾದರೂ ಎದ್ದು ನಿಂತು "ಈ ಕೆಲಸಕ್ಕೆ ಯಾರು ಮುಂದೆ ಬರ್ತೀರಿ?" ಎಂದು ಕೇಳಿದರೆ ಸಾಕು, ಬುದ್ಧಿಯ ಅಪ್ಪಣೆಗೂ ಕಾಯದೆ ನನ್ನ ಬಲಗೈ ಮೇಲೇಳುತ್ತದೆ. ಹಾರನಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಜನಗಣತಿ, ಚುನಾವಣೆ, ಜಂತುಹುಳುವಿನ ಮಾತ್ರೆ, ಒಮ್ಮೆ ಶಾಲೆಯ ಹಿಂದಿನ ಜೇನುಗೂಡು, ಎಲ್ಲವೂ ನನ್ನ ಪಾಲಿಗೆ ಬಂದದ್ದು ಹೀಗೆಯೇ. ಅಪ್ಪಿತಪ್ಪಿ ಎದ್ದ ಕೈಯನ್ನು ತಲೆ ಕೆರೆದುಕೊಂಡಂತೆ ಮಾಡಿ ಇಳಿಸುವ ಕಲೆ ನನ್ನ ಸಹೋದ್ಯೋಗಿಗಳಿಗೆ ಗೊತ್ತು. ನನಗೆ ಇನ್ನೂ ಕೈಗೂಡಿಲ್ಲ.

ಹೋದ ವರ್ಷ ಬೇಸಿಗೆ ರಜೆ ಹತ್ತಿರ ಬಂದಾಗ, ಅರಸೀಕೆರೆಯ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿಸಿದ ಪಾಸ್ಟರ್ ಅಯ್ಯನವರು ಒಂದು ಪ್ರಕಟಣೆ ಓದಿದರು. ಶ್ರೀಲಂಕೆಯ ಒಂದು ಟೀ ತೋಟದಲ್ಲಿ ಕೂಲಿಯವರ ಮಕ್ಕಳಿಗಾಗಿ ಹತ್ತು ದಿನದ ರಜಾ ಶಿಬಿರ. ಅಲ್ಲಿಯ ಚರ್ಚಿನ ಸಭೆಯವರು ನಮ್ಮಿಂದ ಐದು ಜನರನ್ನು ಕಳಿಸಿಕೊಡಿ ಎಂದು ಕೇಳಿದ್ದಾರೆ. ನಾಲ್ವರು ಸಿಕ್ಕಿದ್ದಾರೆ, ಮಕ್ಕಳೊಂದಿಗೆ ಪಳಗಿದವರು ಇನ್ನೊಬ್ಬರು ಬೇಕು. ಗಂಡಸರ ಸಾಲಿನಲ್ಲಿ ಕುಳಿತಿದ್ದ ನಮ್ಮ ಯಜಮಾನರು ತಿರುಗಿ ನನ್ನತ್ತ ನೋಡಿದಾಗಲೇ ನನಗೆ ತಿಳಿದದ್ದು, ಕೈ ಎದ್ದಿದೆ ಎಂದು.

"ಅಲ್ಲ ಕಣೇ ಸುಗುಣ, ಅಲ್ಲಿ ಮಕ್ಕಳು ಮಾತಾಡೋದು ತಮಿಳು. ನಿನಗೆಲ್ಲಿ ಬರುತ್ತೆ?" ಮನೆಗೆ ಬಂದು ಅವರು ಕೇಳಿದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಸಿಗ್ನಲ್ ನೋಡದೆ ಮುಂದಡಿ ಇಡುವುದಿಲ್ಲ.

"ಬರುತ್ತೆ ರೀ," ಎಂದೆ. ಸುಳ್ಳಲ್ಲ. ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ಪೊನ್ನಮ್ಮನಿಗೆ ನಾಲ್ಕು ಗಂಡುಮಕ್ಕಳು. ಊರಿನವರ ಜೊತೆಗೆಲ್ಲ ಚೊಕ್ಕ ಕನ್ನಡದಲ್ಲಿ ಮಾತಾಡುತ್ತಿದ್ದ ಆಕೆ ತಮಿಳನ್ನು ಆ ನಾಲ್ವರನ್ನು ಬೈಯುವುದಕ್ಕೆಂದೇ ಎತ್ತಿಟ್ಟಿದ್ದಳು. ಗೋಡೆಯಾಚೆಯಿಂದ ಹತ್ತು ವರ್ಷ ಕೇಳಿ ಕಲಿತ ತಮಿಳು ನನ್ನದು. ಗದರಿಸುವುದರಲ್ಲಿ ನಾನು ನಿರರ್ಗಳ. ಪ್ರೀತಿಯ ಎರಡು ಮಾತು ಆಡಬೇಕೆಂದರೆ ಮಾತ್ರ ತಡವರಿಸುತ್ತೇನೆ.

ಸಭೆಯ ಹೆಂಗಸರೆಲ್ಲ ಸೇರಿ ಆ ಮಕ್ಕಳಿಗಾಗಿ ಬಟ್ಟೆಯ ಕೈಚೀಲಗಳನ್ನು ಹೊಲಿದುಕೊಟ್ಟರು. ನಾನು ಹತ್ತು ದಿನಕ್ಕೂ ಆಟಪಾಠದ ಪಟ್ಟಿ ಮಾಡಿದೆ. ಓಟ, ಕುಂಟೆಬಿಲ್ಲೆ, ಹಗ್ಗಜಗ್ಗಾಟ, ಕುಣಿತದ ಹಾಡು. ಹೊರಡುವ ಹಿಂದಿನ ಭಾನುವಾರ ಹಿರಿಯರೆಲ್ಲ ನಮ್ಮ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಷ್ಟು ಕೈಗಳ ಭಾರ ತಲೆಯ ಮೇಲೆ ಬಿದ್ದ ಮೇಲೆ, ಏನಾದರೂ ಮಹತ್ತಾದದ್ದನ್ನು ಮಾಡದೆ ಬರಿಗೈಯಲ್ಲಿ ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿಯುವಂತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಹತ್ತಾದದ್ದು ಮೊದಲ ದಿನವೇ ಆಯಿತು. ತೋಟದ ಚರ್ಚಿನ ಮುಂದೆ ಅರವತ್ತು ಮಕ್ಕಳು ಸಾಲಾಗಿ ನಿಂತಿದ್ದರು. ನಮ್ಮ ತಂಡದ ಮುಂದಾಳು ಸಂಪತ್, ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಯುವಕ, ನನ್ನನ್ನು "ಇವರು ನಮ್ಮ ದೊಡ್ಡ ಟೀಚರ್" ಎಂದು ಪರಿಚಯಿಸಿದ. ನಾನು ನಗುತ್ತ, ಎರಡೂ ಕೈ ಬೀಸುತ್ತ ಜಗಲಿಯ ಮೆಟ್ಟಿಲಿಳಿದೆ. ಪ್ರತಿ ವರ್ಷ ನಾನು ಶಾಲೆಯ ಮಕ್ಕಳನ್ನು ಹಳೇಬೀಡು ತೋರಿಸಲು ಕರೆದುಕೊಂಡು ಹೋಗುತ್ತೇನೆ. ಪಕ್ಕದ ಹುಲಿಕೆರೆಯ ಕೊಳದಲ್ಲಿ ಸುತ್ತಲೂ ಇಳಿಯುತ್ತ ಹೋಗುವ ಮೆಟ್ಟಿಲುಗಳ ಬಳಿ ನಿಂತು "ಕಾಲ ಕೆಳಗೆ ನೋಡ್ಕೊಂಡು ಇಳೀರಿ" ಎಂದು ಗಂಟಲು ಹರಿದುಕೊಳ್ಳುತ್ತೇನೆ. ಇದುವರೆಗೆ ಒಂದು ಮಗುವೂ ಅಲ್ಲಿ ಜಾರಿಲ್ಲ. ಇಲ್ಲಿ ಇದ್ದದ್ದು ಮೂರೇ ಮೆಟ್ಟಿಲು. ಎರಡನೆಯದರಲ್ಲಿ ನನ್ನ ಎಡಗಾಲು ಹೊರಳಿತು, ನಾನು ಮಕ್ಕಳ ಮುಂದೆ ಕುಕ್ಕರಿಸಿದೆ. ನೋವಿನ ಭರದಲ್ಲಿ ಬಾಯಿಂದ ಬಂದದ್ದು ಪೊನ್ನಮ್ಮನ ಮಾತು, "ಎರುಮೆ ಮಾಡೇ, ಕಣ್ಣು ತೆರಿಯಲಿಯಾ?" ಎಮ್ಮೆಯೇ, ಕಣ್ಣು ಕಾಣಿಸೋದಿಲ್ವಾ, ಎಂದು ನನ್ನನ್ನೇ ಬೈದುಕೊಂಡಿದ್ದೆ. ಆಮೇಲೆ ಅರವತ್ತು ಮಕ್ಕಳೂ ನೆಲಕ್ಕೆ ಬಿದ್ದು ನಗತೊಡಗಿದರು. ಅಲ್ಲಿಯ ಮಕ್ಕಳ ಮುಂದೆ ನಾನು ಆಡಿದ ಮೊದಲ ಮಾತು ಅದು.

ತೋಟದ ಆಸ್ಪತ್ರೆಯವರು ಕಾಲಿಗೆ ಪಟ್ಟಿ ಸುತ್ತಿ, ವಾರದವರೆಗೆ ನೆಲಕ್ಕೆ ಊರಬಾರದು ಎಂದರು. ಸಂಪತ್ ನನ್ನನ್ನು ಚರ್ಚಿನ ಪಕ್ಕದ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಕಾಲನ್ನು ಸ್ಟೂಲಿನ ಮೇಲಿಟ್ಟು, "ಟೀಚರ್, ನೀವು ಕೂತ್ಕೊಂಡು ನಮಗೋಸ್ಕರ ಪ್ರಾರ್ಥನೆ ಮಾಡ್ತಾ ಇರಿ. ಮಕ್ಕಳನ್ನ ನಾವು ನೋಡ್ಕೋತೀವಿ" ಎಂದ. ಪ್ರಾರ್ಥನೆಯ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಅವನ ಮಾತಿನ ಅರ್ಥ ಬೇರೆಯಿತ್ತು. ಕಿಟಕಿಯಾಚೆ ನಾನು ಬರೆದುಕೊಟ್ಟ ಪಟ್ಟಿಯ ಆಟಗಳನ್ನೇ ಅವರು ಆಡಿಸುತ್ತಿದ್ದರು. ಮಕ್ಕಳ ಕೇಕೆ ಕೇಳುತ್ತ, ಕೈಚೀಲ ಹೊಲಿದ ಹೆಂಗಸರ ಮುಖಗಳನ್ನೆಲ್ಲ ನೆನೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಮರುದಿನ ಬಾಗಿಲಲ್ಲಿ ಒಂದು ಹುಡುಗಿ ನಿಂತಿದ್ದಳು. ಒಂಬತ್ತು ವರ್ಷವಿರಬಹುದು, ಹೆಸರು ಮಲರ್. ಒಂದು ಕೈಯಲ್ಲಿ ಅಜ್ಜಿ ಕಾಯಿಸಿಕೊಟ್ಟ ಎಣ್ಣೆ, ಇನ್ನೊಂದರಲ್ಲಿ ಬಿಸಿನೀರಿನ ಬೋಗುಣಿ. ಕೇಳದೆಯೇ ಒಳಗೆ ಬಂದು ಪಟ್ಟಿ ಬಿಚ್ಚಿ, ಕಾಲು ತೊಳೆದು, ಎಣ್ಣೆ ಹಚ್ಚತೊಡಗಿದಳು. ನಾನು ಕಾಲು ಹಿಂದಕ್ಕೆಳೆದರೆ "ಸುಮ್ಮನೆ ಇರು ಎಮ್ಮೆ" ಎಂದು ನನ್ನದೇ ತಮಿಳಿನಲ್ಲಿ ಗದರಿಸಿದಳು. ನಾನೂ ಬಿಡಲಿಲ್ಲ, "ಮೆಲ್ಲಗೆ ಒತ್ತು ಕತ್ತೆ" ಎಂದೆ. ಅಲ್ಲಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಎಣ್ಣೆ ಹಚ್ಚುತ್ತ ಅವಳು ನನ್ನ ಊರಿನ ವಿಚಾರ ಕೇಳಿದಳು. ಹೇಗೆ ಹೇಳುವುದೆಂದು ತಿಳಿಯದೆ, ದಿನಾ ನಾನು ಶಾಲೆಗೆ ಹೋಗುವ ಬಸ್ಸಿನ ಕಂಡಕ್ಟರ್ ಕೂಗುವಂತೆ ಕೂಗಿ ತೋರಿಸಿದೆ: "ಹಾರನಹಳ್ಳಿ, ಜಾವಗಲ್, ಹಳೇಬೀಡು, ಬೇಲೂರು, ಯಾರ್ರೀ ಬೇಲೂರು, ಬನ್ನಿ ಬನ್ನಿ." ಮಲರ್ ಎಣ್ಣೆಗೈಯಲ್ಲೇ ಎದ್ದು ನಿಂತಳು. ಮರುದಿನ ತನ್ನಂತೆಯೇ ಓಟದ ಆಟಕ್ಕೆ ಸೇರದ ನಾಲ್ಕು ಮಕ್ಕಳನ್ನು ಕರೆತಂದಳು. ಬೆಂಚುಗಳನ್ನು ಸಾಲಾಗಿ ಜೋಡಿಸಿದರು. ಕಾಲು ನೀಡಿ ಕುಳಿತ ನಾನು ಡ್ರೈವರ್. ಹೊಲಿದು ತಂದ ಚೀಲಗಳಲ್ಲಿ ಒಂದನ್ನು ಹೆಗಲಿಗೆ ನೇತುಹಾಕಿಕೊಂಡ ಮಲರ್ ಕಂಡಕ್ಟರ್. ಟೀ ಎಲೆಯೇ ಟಿಕೆಟ್. "ಅಳೇಬೀಡು, ಅಳೇಬೀಡು, ಯಾರ್ರೀ ಅಳೇಬೀಡು" ಎಂದು ಅವಳು ಕೂಗಿದರೆ ತಿದ್ದಲು ನನಗೆ ಮನಸ್ಸಾಗಲಿಲ್ಲ. ನಮ್ಮ ಕಡೆಯ ಅಸಲಿ ಕಂಡಕ್ಟರುಗಳೂ ಹಾಗೆಯೇ ಕೂಗುವುದು. ಹತ್ತುವವರು, ಇಳಿಯುವವರು, ಹಗರೆಯ ಸಂತೆಗೆ ಕೋಳಿ ಹಿಡಿದು ಹೊರಟವರು, ಚಿಲ್ಲರೆಗೆ ಜಗಳ ತೆಗೆಯುವವರು. ದಿನದಿಂದ ದಿನಕ್ಕೆ ಬಸ್ಸು ತುಂಬುತ್ತ ಹೋಯಿತು. ಆರನೆಯ ದಿನ ಸಂಪತ್ ಚೆಂಡು ಹಿಡಿದುಕೊಂಡು ಬಾಗಿಲಿಗೆ ಬಂದು, "ಟೀಚರ್, ನನ್ನ ಕಡೆ ಉಳಿದಿರೋದು ಏಳೇ ಜನ" ಎಂದ. ಸ್ವಲ್ಪ ಹೊತ್ತು ನಿಂತು ನೋಡಿ, ತಾನೂ ಒಂದು ಬೆಂಚಿನ ತುದಿಯಲ್ಲಿ ಕೂರಲು ಹೋದ. ಮಲರ್ ಅವನ ಕೈಗೊಂದು ಟೀ ಎಲೆ ಕೊಟ್ಟು, "ಸೀಟಿಲ್ಲ, ನಿಂತ್ಕೋ" ಎಂದಳು.

ಹೊರಡುವ ದಿನ ಮಕ್ಕಳು ಕುರ್ಚಿಯ ಸಮೇತ ನನ್ನನ್ನು ವ್ಯಾನಿನವರೆಗೆ ಹೊತ್ತು ತಂದರು. ಮಲರ್ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಟೀಚರ್, ಅಳೇಬೀಡು ಅಂತ ಊರು ನಿಜವಾಗ್ಲೂ ಇದೆಯಾ? ಇಲ್ಲ ನೀವೇ ಕಟ್ಟಿದ ಕತೆಯಾ?" ಇದೆ ಎಂದೆ, ಕಲ್ಲಿನ ಆನೆಗಳು ಸಾಲುಸಾಲಾಗಿ ನಿಂತಿವೆ ಎಂದೆ. "ಹಾಗಾದರೆ ನಾನು ಒಂದು ದಿನ ಬರ್ತೀನಿ. ಮುಂದಿನ ಸೀಟು ಹಿಡಿದಿಡಿ," ಎಂದಳು. ಆಗ ಆಡಬೇಕಾಗಿದ್ದ ಮಾತು ಪೊನ್ನಮ್ಮನಿಂದ ನಾನು ಕಲಿತದ್ದರಲ್ಲಿ ಇರಲಿಲ್ಲ. ಅವಳ ತಲೆ ಸವರಿದೆ, ಅಷ್ಟೆ.

ಅರಸೀಕೆರೆಯಲ್ಲಿ ರೈಲು ಇಳಿದಾಗ ಯಜಮಾನರ ಜೊತೆಗೆ ಸಭೆಯ ಹತ್ತು ಜನ ಹೂವು ಹಿಡಿದು ನಿಂತಿದ್ದರು. ನನಗೆ ಅರ್ಥವಾಗಲಿಲ್ಲ. ಮನೆಗೆ ಹೋಗುತ್ತ ಆಟೋದಲ್ಲಿ ಯಜಮಾನರೇ ಬಿಡಿಸಿ ಹೇಳಿದರು. ಮಲರ್ ಬೋಗುಣಿ ಇಟ್ಟುಕೊಂಡು ನನ್ನ ಕಾಲು ತೊಳೆಯುತ್ತಿರುವ ಫೋಟೋ ಒಂದನ್ನು ಸಂಪತ್ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಕೆಳಗೆ ಏನೂ ಬರೆದಿರಲಿಲ್ಲ. ಇಲ್ಲಿಯವರು, ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ಪಾಠವನ್ನು ಸುಗುಣ ಟೀಚರ್ ಮಕ್ಕಳ ಕೈಯಲ್ಲಿ ಮಾಡಿಸಿ ಕಲಿಸುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡಿದ್ದರು. ಅಯ್ಯನವರು ಅದರ ಮೇಲೆ ಒಂದು ಭಾನುವಾರ ಉಪದೇಶ ಪ್ರಸಂಗವನ್ನೂ ಮಾಡಿ ಮುಗಿಸಿದ್ದರು.

"ಕಾಲು ಉಳುಕಿದೆ ಅಂತ ನಾನು ಫೋನಲ್ಲಿ ಹೇಳಿದ್ದೆನಲ್ಲ, ನೀವಾದರೂ ಹೇಳಬಾರದಿತ್ತಾ?" ಎಂದೆ.

"ಇಷ್ಟು ವರ್ಷಕ್ಕೆ ಒಂದ್ಸಲ ನಿನಗೆ ಒಳ್ಳೆ ಹೆಸರು ಬಂದಿದೆ ಕಣೇ. ನಾನ್ಯಾಕೆ ಕೆಡಿಸಲಿ?" ಎಂದರು.

ಭಾನುವಾರ ನನ್ನನ್ನು ಎಲ್ಲರ ಮುಂದೆ ನಿಂತು ಅಲ್ಲಿಯ ಅನುಭವದ ಸಾಕ್ಷಿ ಹೇಳಲು ಕರೆದರು. ಚರ್ಚಿನಲ್ಲಿ ಸುಳ್ಳು ಹೇಳಲಾರೆ. ನಡೆದದ್ದನ್ನು ನಡೆದಂತೆಯೇ ಹೇಳಿದೆ. ನಾನು ಯಾವ ಪಾಠವನ್ನೂ ಮಾಡಲಿಲ್ಲ, ಮೊದಲ ದಿನವೇ ಬಿದ್ದೆ, ಹತ್ತು ದಿನ ಕುರ್ಚಿಯಲ್ಲಿ ಕುಳಿತೆ, ಆ ಮಕ್ಕಳೇ ನನ್ನ ಸೇವೆ ಮಾಡಿದರು ಎಂದೆ. ಹೆಂಗಸರ ಕಡೆ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅಯ್ಯನವರು ಎದ್ದು ನಿಂತು, "ತಾನು ಮಾಡಿದ್ದನ್ನೆಲ್ಲ ಮಕ್ಕಳು ಮಾಡಿದರು ಅಂತ ಹೇಳೋ ಈ ದೀನತೆ ನಮಗೆಲ್ಲ ಬರಲಿ" ಎಂದರು. ಅಲ್ಲ ಅಯ್ಯನವರೇ, ನಿಜವಾಗಿಯೂ ಬಿದ್ದೆ, ಎಂದು ನಾನು ಮತ್ತೆ ಹೇಳಿದ್ದಕ್ಕೆ ಅವರೂ ಕಣ್ಣೊರೆಸಿಕೊಂಡರು.

ಆರಾಧನೆ ಮುಗಿದ ಮೇಲೆ ಹೊರಗೆ ಎಲ್ಲರೂ ನನ್ನ ಕೈ ಹಿಡಿದು ಮಾತಾಡಿಸಿದರು. ನಾನು ಆಗಾಗ ತಲೆ ತಗ್ಗಿಸುತ್ತ "ನನ್ನದೇನಿಲ್ಲ, ನನ್ನದೇನಿಲ್ಲ" ಎನ್ನುತ್ತಿದ್ದೆ. ಆಗ ನಮ್ಮ ಸಭೆಯ ಹಿರಿಯರಾದ ಮರ್ಸಿಯಮ್ಮ, ನರ್ಸ್ ಆಗಿ ನಿವೃತ್ತರಾದವರು, ಕೋಲೂರುತ್ತ ಬಂದರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಸೀರೆಯ ಅಂಚನ್ನು ಗೇಣುದ್ದ ಎತ್ತಿ, ಎಡಗಾಲಿನ ಹರಡನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಚೀರಿದೆ.

"ಇವಳು ನಿಜಾನೇ ಹೇಳಿದ್ದು ಕಣ್ರೀ," ಮರ್ಸಿಯಮ್ಮ ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದರು. "ಇನ್ನೂ ಊದ್ಕೊಂಡಿದೆ. ಏನೂ ಕೆಲಸ ಮಾಡಿಲ್ಲ ಇವಳು."

ಬೆಳಗಿನಿಂದ ನಿಜವನ್ನು ನಂಬಿಸಲು ಅಷ್ಟು ಹೆಣಗಿದವಳು ನಾನು. ಕೊನೆಗೂ ಒಬ್ಬರು ನಂಬಿದ್ದಕ್ಕೆ ಸಂತೋಷಪಡಬೇಕಿತ್ತು. ಆದರೆ ಆಟೋ ಹತ್ತಿ ಮನೆ ಸೇರುವವರೆಗೂ ನಾನು ಯಜಮಾನರಿಗೆ ಹೇಳುತ್ತ ಬಂದದ್ದು ಒಂದೇ ಮಾತು: ಆ ಮರ್ಸಿಯಮ್ಮನಿಗೆ ವಯಸ್ಸಾಯಿತು, ಎಲ್ಲಿ ಏನು ಮಾತಾಡಬೇಕು ಅನ್ನೋದು ಈಗೀಗ ಗೊತ್ತಾಗೋದೇ ಇಲ್ಲ.