ಹೆಂಡತಿ ಹೆಸರಿನ ಬಂದೂಕು

ಜಯದೇವಪ್ಪನವರ ಬಂದೂಕಿನ ಲೈಸೆನ್ಸ್ ಕೊನೆಗೂ ಬಂತು. ಆದರೆ ಅದು ಬಂದದ್ದು ಅವರ ಹೆಂಡತಿಗೆ.

ಅಲ್ಲ, ಎರಡು ವರ್ಷ ನಾಲ್ಕು ತಿಂಗಳು ಚಪ್ಪಲಿ ಸವೆಸಿದವರು ಯಾರು? ಚಳ್ಳಕೆರೆಗೂ ಚಿತ್ರದುರ್ಗಕ್ಕೂ ಬಸ್ಸಿನ ಸರಳಿಗೆ ಜೋತುಬಿದ್ದು ಓಡಾಡಿದವರು ಯಾರು? ಜಯದೇವಪ್ಪನವರೇ. ತೊಂಬತ್ತೇಳರ ಶ್ರಾವಣದ ಒಂದು ದಿನ ಚಳ್ಳಕೆರೆ ಕಚೇರಿಯ ಗುಮಾಸ್ತ ಪಾತಣ್ಣ ಆ ಪುಟ್ಟ ಪುಸ್ತಕ ಕೈಗಿಟ್ಟಾಗ ಅವರು ಕಣ್ಣಿಗೊತ್ತಿಕೊಂಡು ತೆರೆದರು. ಮೊದಲ ಪುಟದಲ್ಲೇ, ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಫೋಟೋ ತೆಗೆದವನನ್ನು ಗದರಿಸುವ ಹಾಗೆ ನೋಡುತ್ತ ಕೂತಿದ್ದರು ಶ್ರೀಮತಿ ಬಸವಲಿಂಗಮ್ಮ!

"ಏನಪ್ಪಾ ಪಾತಣ್ಣ, ಯಾರ ಫೋಟೋ ಅಂಟಿಸೀಯಾ?"

"ನೀವು ಕೊಟ್ಟಿದ್ದೇ ಅಂಟಿಸೀವಿ ಯಜಮಾನ್ರೆ. ಪಹಣಿ ಯಾರ ಹೆಸರಿಗೈತೆ?"

"ಅವಳ ಹೆಸರಿಗೆ."

"ಬೆಳೆ ಕಾಯೋಕಂತ ಕೊಡೋ ಬಂದೂಕು ಹೊಲ ಯಾರದೋ ಅವರಿಗೇ ಬರ್ತತೆ."

ಇದರ ಬೇರು ಎಪ್ಪತ್ನಾಲ್ಕರಲ್ಲಿತ್ತು. ಭೂಸುಧಾರಣೆಯ ಭಯಕ್ಕೆ ಆಗ ಮನೆಮನೆಯಲ್ಲೂ ನಡೆದ ಕೆಲಸ ಇವರ ಮನೆಯಲ್ಲೂ ನಡೆದಿತ್ತು. ಅರಿಶಿನದ ಕೈ ಇನ್ನೂ ಮಾಸದ ಹೊಸ ಸೊಸೆಯ ಹೆಸರಿಗೆ ಮಾವನವರು ಹದಿನೆಂಟು ಎಕರೆ ಬರೆದುಬಿಟ್ಟಿದ್ದರು. ಅಲ್ಲಿಂದ ಮುಂದೆ ಬೋರು, ಮೋಟಾರು, ಟ್ರ್ಯಾಕ್ಟರು ಎಲ್ಲ ಬಸವಲಿಂಗಮ್ಮನ ಹೆಸರಿನಲ್ಲೇ. ತೋರಿಸಿದ ಕಡೆ ಆಕೆ ಸಹಿ ಮಾಡುವುದು, ಟ್ರ್ಯಾಕ್ಟರ್ ಏರಿ ಇವರು ಮೀಸೆ ತಿರುವುವುದು. ಅರ್ಜಿಗೆ ಆಕೆಯ ಫೋಟೋ, ಸಹಿ ಕೊಟ್ಟರೂ ಬಂದೂಕು ಹಿಡಿಯುವವರು ತಾವೇ ಅಂತ ಇವರು ತಿಳಿದಿದ್ದರು.

"ಬಂದೂಕು ಟ್ರ್ಯಾಕ್ಟರ್ ಅಲ್ಲ," ಅಂದ ಪಾತಣ್ಣ. "ಅಮ್ಮಾವ್ರೇ ಹಿಡೀಬೇಕು. ನೀವು ಹೆಗಲಿಗೆ ಹಾಕ್ಕೊಂಡು ತಿರುಗಿದ್ರೆ ಪೊಲೀಸ್ರು ನಿಮ್ಮನ್ನೇ ಹೆಗಲಿಗೆ ಹಾಕ್ಕೊಂಡು ಹೋಗ್ತಾರೆ. ಇನ್ನೊಂದು, ತಿಂಗಳೊಪ್ಪತ್ತಿನಾಗೆ ಕೊಂಡು ತೋರಿಸ್ರಿ. ಇಲ್ಲಾಂದ್ರೆ ಇದೂ ರದ್ದು."

ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಜಯದೇವಪ್ಪ ಐದು ಗುಂಡು ಹಾರಿಸಿದ್ದರು. ನಾಲ್ಕು ಗುರಿಗೆ ಬಿದ್ದಿದ್ದವು. (ಐದನೆಯದು ಪಕ್ಕದವನ ಗುರಿಗೆ ಬಿದ್ದು ಅವನಿಗೆ ಬಹುಮಾನ ಬಂದಿತ್ತು.) ಆ ನಾಲ್ಕು ಗುಂಡಿನ ಸದ್ದು ಇಪ್ಪತ್ತೇಳು ವರ್ಷದಿಂದ ಅವರ ಕಿವಿಯಲ್ಲಿತ್ತು. ಶೇಂಗಾ ಹೊಲಕ್ಕೆ ಹಂದಿ ನುಗ್ಗುವುದೇನೋ ನಿಜವೇ. ಆದರೆ ಲಿಂಗ ಹಿಡಿದ ಕೈ ಹಂದಿಯ ಮೇಲೆ ಏಳುವುದಿಲ್ಲ, ಆಕಾಶಕ್ಕೆ ಒಂದು ಢಂ ಅನ್ನಿಸಿದರೆ ಸಾಕು. ಉಳಿದ ಹೊತ್ತಿನಲ್ಲಿ ಜಿಲ್ಲೆಯ ರೈಫಲ್ ಕ್ಲಬ್ಬಿಗೆ ಸೇರಿ, ಹಲಗೆಯ ನಡುವಿನ ಕಪ್ಪು ಚುಕ್ಕೆಗೆ ಗುರಿಯಿಡಬೇಕು. ಇಷ್ಟೇ ಆಸೆ. ಈಗ ಅದಕ್ಕೂ ಕಲ್ಲು ಬಿತ್ತು.

ಆ ದಿನ ಊಟಕ್ಕೆ ಕೂತವರು ಒಂದೇ ರೊಟ್ಟಿಗೆ ಎದ್ದರು. ಅದನ್ನು ಬಸವಲಿಂಗಮ್ಮ ನೋಡಿದರು. ಮಾರನೇ ವಾರ ತಮ್ಮ ಸಂಗಮೇಶನ ಮಗುವಿಗೆ ತೊಟ್ಟಿಲು ಅಂತ ಹೇಳಿ ಮೊಳಕಾಲ್ಮೂರಿನ ತವರಿಗೆ ಹೋದರು. ಎರಡು ದಿನ ಬಿಟ್ಟು ಬಂದವರೇ ಅಂದರು, "ಏಳ್ರಿ, ದಾವಣಗೆರೆಗೆ ಹೋಗಿ ಬಂದೂಕು ತರಾಣ."

"ಯಾಕೆ? ನೀನು ಹಿಡಿದು ಕುಣಿಯೋಕಾ?"

"ಬಿಡ್ರಿ ಮತ್ತೆ. ಲೈಸೆನ್ಸು ರದ್ದಾಗ್ಲಿ."

ಜಯದೇವಪ್ಪ ಎದ್ದು ಅಂಗಿ ತೊಟ್ಟರು. ಮುಟ್ಟದಿದ್ದರೂ ಮನೆಯಲ್ಲಿ ಇರುತ್ತದಲ್ಲ, ಗೋಡೆಯ ಮೇಲಾದರೂ ನೋಡಬಹುದು.

ದಾವಣಗೆರೆಯ ಅಂಗಡಿಯ ಸಾಹೇಬರು ಬಿಳಿ ಗಡ್ಡದ ನಿಧಾನಸ್ಥರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವರು ಕಂಡ ಗಿರಾಕಿಗಳೆಲ್ಲ ಎದೆಯುಬ್ಬಿಸಿ ನಿಂತೇ ಕೊಂಡವರು. ಈ ತಾಯಿ ಮಾತ್ರ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಳಗೆ ಬಂದು, ಗಲ್ಲೆಯ ಪಕ್ಕದ ಬೆಂಚಿನ ಮೇಲೆ ಕಾಲು ಮಡಚಿ ಕೂತು, "ಒಂದೊಂದೇ ತೆಗೀರಿ ಸಾಹೇಬ್ರೆ, ನೋಡಾಣ" ಅಂದರು. ಮೊಳಕಾಲ್ಮೂರಿನಲ್ಲಿ ಸೀರೆ ಆರಿಸುವುದು ಹೀಗೆಯೇ. ನೇಕಾರರ ಮನೆಯಲ್ಲಿ ಮಗ್ಗದ ಪಕ್ಕ ಕೂತು, ಐವತ್ತು ಬಿಚ್ಚಿಸಿ, ನಲವತ್ತೊಂಬತ್ತು ಮಡಚಿಸಿ, ಒಂದನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು.

"ತ್ರೀ ಒನ್ ಫೈವ್ ತೆಗೀರಿ," ಅಂದರು ಜಯದೇವಪ್ಪ, ಬೆಂಚಿನ ಹಿಂದಿನಿಂದ.

ಸಾಹೇಬರು ಆ ದೊಡ್ಡ ಬಂದೂಕನ್ನು ಇಳಿಸಿ ಮೇಜಿನ ಮೇಲಿಟ್ಟರು. ಜಯದೇವಪ್ಪ ಬೆಂಚಿನ ಮೇಲಿಂದ ಮುಂದಕ್ಕೆ ಬಾಗಿದರು. ಬಸವಲಿಂಗಮ್ಮ ಎತ್ತಿದರು, ಇಳಿಸಿದರು.

"ಇದು ಒದೀತತಾ?"

"ಒದಿಯುತ್ತೆ ಅಮ್ಮ. ಹೊಸಬರಿಗೆ ಭುಜ ಊದಿಕೊಳ್ಳುತ್ತೆ. ಎರಡನೇ ಗುಂಡಿಗೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ, ಆಮೇಲೆ ಗುರಿ ಎಲ್ಲಿ?"

"ಗುಂಡಿಗೆ ಬೆಲೆ ಹೆಂಗೆ?"

"ಇದರ ಒಂದರ ಬೆಲೆಗೆ ಸಣ್ಣ ಬಂದೂಕು, ಪಾಯಿಂಟ್ ಟೂ ಟೂ, ಅದರ ಗುಂಡು ಹಿಡಿ ತುಂಬ ಬರುತ್ತೆ. ಕಲಿಯೋರಿಗೆ ಅದೇ ವಾಸಿ. ದಿನಾ ಹೊಡೆದ್ರೇ ತಾನೇ ಕೈ ಕೂರೋದು?"

"ಹಂಗಾದ್ರೆ ಇದನ್ನ ಮಡಚಿ ಇಡ್ರಿ."

"ಏ ಇವಳೇ, ಅದನ್ನೇನು ಮಡಚ್ತಾರೆ? ಬಂದೂಕು ಅಂದ್ರೆ ಗಂಭೀರ ಇರ್ಬೇಕು! ಟೂ ಟೂ ಸದ್ದು ಕೇಳಿದ್ರೆ ಹಂದಿ ನಗ್ತತೆ."

"ನಕ್ಕರೆ ನಗ್ಲಿ ಬಿಡ್ರಿ. ನಿಮ್ಮನ್ನ ನೋಡಿ ನಾನು ನಕ್ಕಿಲ್ವಾ? ಹಂಗಂತ ಹೊಲ ಬಿಟ್ಟು ಓಡಿಹೋದ್ರಾ?"

ಸಾಹೇಬರು ಗಡ್ಡ ನೀವಿಕೊಳ್ಳುವ ನೆಪದಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಒಳಗಿನಿಂದ ಒಂದು ಹಳೆಯ ವಿಲಾಯಿತಿ ಟೂ ಟೂ ತಂದರು. ಹಿಡಿಕೆಯ ಮೇಲೆ ಜಿಂಕೆಯ ಕೆತ್ತನೆ, ಕನ್ನಡಿಯಂಥ ಹೊಳಪು, ಬೆಲೆ ಹೊಸದರ ಅರ್ಧ. ಜಯದೇವಪ್ಪ ಕರಗಿಹೋದರು.

"ಇದು! ಇದು ನೋಡು ವಂಶದ ಮನೆಯಾಗಿರೋ ವಸ್ತು!"

ಬಸವಲಿಂಗಮ್ಮ ಕೆತ್ತನೆ ನೋಡಲಿಲ್ಲ. (ಸೆರಗಿನ ಜರಿ ತೋರಿಸುವವರ ಸೀರೆಯ ಒಡಲನ್ನು ಮೊದಲು ನೋಡಬೇಕು ಅಂತ ಅವರವ್ವ ಕಲಿಸಿದ್ದರು.) ಗುಂಡು ಕೂರುವ ಬಾಯಿಯನ್ನು ಮುಚ್ಚುವ ಅಗುಳಿ ತೆಗೆಸಿ, ಬೆಳಕಿಗೆ ಹಿಡಿಸಿ, ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿದರು.

"ಒಳಗೆ ಒಲೆ ಗೂಡಿದ್ದಂಗೈತೆ. ಕರ್ರಗೆ, ಗುಳಿಗುಳಿ."

"ತಾಯಿ," ಸಾಹೇಬರು ಕೈ ಮುಗಿದರು, "ಇದನ್ನು ಹೊರಗೇ ನೋಡಿ ಮೆಚ್ಚಿದವರು ಹನ್ನೊಂದು ಜನ. ಒಳಗೆ ನೋಡಿದವರು ನೀವೇ ಮೊದಲು. ಸೂರತ್ತು, ಅಂದ್ರೆ ಮುಖ ಮಾತ್ರ ಚೆನ್ನ, ಗುಂಡು ನೆಟ್ಟಗೆ ಹೋಗಲ್ಲ. ಹೊಸದೇ ತೊಗೊಳ್ಳಿ."

ಹೊಸವು ನಾಲ್ಕಿದ್ದವು. ನಾಲ್ಕೂ ಒಂದೇ ಕಾರ್ಖಾನೆಯ ಒಂದೇ ನಮೂನೆ. ಜಯದೇವಪ್ಪ ಇನ್ನೇನು ಮುಗಿಯಿತು ಅಂದುಕೊಂಡರು. ಬಸವಲಿಂಗಮ್ಮ ನಾಲ್ಕನ್ನೂ ಸಾಲಾಗಿ ಇಡಿಸಿದರು.

"ಎಲ್ಲ ಒಂದೇ ಅಮ್ಮ."

"ಒಂದೇ ಮಗ್ಗದಾಗೆ ನೇಯ್ದ ಎರಡು ಸೀರೆ ಒಂದೇ ಥರ ಇರಲ್ಲ ಸಾಹೇಬ್ರೆ."

ಒಂದೊಂದರ ಅಗುಳಿಯನ್ನೂ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಕೆಳಗೆ ಮಲಗಿಸಿದರು. ಹಾಗೆ ಮಾಡುವಾಗ ಕಣ್ಣು ಮುಚ್ಚಿ ಕಿವಿ ಕೊಟ್ಟರು. ತವರಿನ ಜಗಲಿಯ ಎದುರು ನಾಲ್ಕು ಮಗ್ಗ ಆಡುತ್ತಿದ್ದ ಕಾಲದಲ್ಲಿ ಯಾವ ಲಾಳಿ ಸಲೀಸು, ಯಾವುದು ತೊಡಕು ಅಂತ ಅಡುಗೆಮನೆಯಿಂದಲೇ ಹೇಳುತ್ತಿದ್ದ ಕಿವಿ ಅದು. ಮೊದಲನೆಯದು ಗರಗರ ಅಂದಿತು. ಎರಡನೆಯದು ಅರ್ಧದಲ್ಲಿ ಬಿಕ್ಕಳಿಸಿತು. ಮೂರನೆಯದೂ ನಾಲ್ಕನೆಯದೂ ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಹೋಗಿ ಬಂದವು.

ಮೂರನೆಯದನ್ನು ಸಾಹೇಬರು ಬಸವಲಿಂಗಮ್ಮನ ತೋಳಿಗೆ ಅಳತೆ ಹಿಡಿದರು. ಹಿಡಿಕೆಯ ತುದಿ ಮೊಣಕೈಯ ಮಡಿಕೆಗೆ ತಾಗಿದರೆ ಬೆರಳು ಟ್ರಿಗರಿಗೆ ಮುಟ್ಟಬೇಕು. ಸರಿಯಾಗಿ ಮುಟ್ಟಿತು. "ಮಾಪು ತೊಗೊಂಡು ಮಾಡಿದ ಹಾಗಿದೆ ಅಮ್ಮ!"

"ಇದು ಬ್ಯಾಡ."

"ಯಾಕಮ್ಮ?"

"ಅದು, ಹಿಡಿಕೆಗೆ ರಬ್ಬರಿನ ಪಟ್ಟಿ ಹಾಕಿ ಉದ್ದ ಮಾಡೀರಲ್ಲ, ನಾಲ್ಕನೇದು. ಅದನ್ನ ಇವರ ತೋಳಿಗೆ ಹಿಡೀರಿ."

ಜಯದೇವಪ್ಪ ಕೈ ಹಿಂದಕ್ಕೆಳೆದುಕೊಂಡರು. "ನನ್ನ ತೋಳು ಯಾಕೆ? ಗೋಡೆಗೆ ಮೊಳೆ ಹೊಡೆಯೋನಿಗೂ ಅಳತೆ ಬೇಕಾ?"

"ತೋಳು ಚಾಚ್ರಿ ಅಂದ್ರೆ."

ಇಪ್ಪತ್ಮೂರು ವರ್ಷದ ಅಭ್ಯಾಸ, ತೋಳು ತಾನಾಗೇ ಚಾಚಿತು. ಬೆರಳು ಟ್ರಿಗರಿನ ಮೇಲೆ, ಬಹುದಿನದ ಮೇಲೆ ತವರಿಗೆ ಬಂದವಳಂತೆ ಕೂತಿತು. ಅದು ಕೂತ ಚೆಂದವನ್ನು ಅವರು ಒಂದು ಸಲ ನೋಡಿಕೊಂಡರು. ತಕ್ಷಣ ಬಂದೂಕು ಮೇಜಿಗಿಟ್ಟು ಬೀದಿಯ ಕಡೆ ಮುಖ ತಿರುಗಿಸಿದರು.

"ಇದನ್ನೇ ಕೊಡ್ರಿ," ಅಂದರು ಬಸವಲಿಂಗಮ್ಮ, ಸೀರೆಯ ಮಡಿಕೆಯಿಂದ ಲೈಸೆನ್ಸ್ ಪುಸ್ತಕ ತೆಗೆದು.

ಸಾಹೇಬರು ಬಂದೂಕಿನ ನಂಬರು ಬರೆಯಲು ಪುಟ ತಿರುವಿದವರು ತಡೆದು, ಕನ್ನಡಕ ಏರಿಸಿದರು.

"ಇಲ್ಲಿ ಹೊಸ ಸೀಲು ಬಿದ್ದಿದೆಯಲ್ಲ ತಾಯಿ. ಲೈಸೆನ್ಸುದಾರರ ಪರವಾಗಿ ಬಂದೂಕು ಹಿಡಿಯತಕ್ಕ ಆಳು... ಜಯದೇವಪ್ಪ ಬಿನ್ ರುದ್ರಪ್ಪ. ಯಾರು ಇವರು?"

"ಇಗಾ, ಇಲ್ಲೇ ನಿಂತಾರಲ್ಲ."

ಜಯದೇವಪ್ಪ ಗಿರಕ್ಕನೆ ತಿರುಗಿ ಪುಸ್ತಕಕ್ಕೆ ಬಾಗಿದರು. ಚಿತ್ರದುರ್ಗದ ಸೀಲು, ಹಸಿರು ಶಾಯಿಯ ಸಹಿ, ನಡುವೆ ಅವರದೇ ಹೆಸರು.

"ತೊಟ್ಟಿಲು ಅಂದಿದ್ದೆಯಲ್ಲೇ?"

"ತೊಟ್ಟಿಲಿಗೆ ಒಂದು ದಿನ ಸಾಕಾಗಲ್ವಾ? ಇನ್ನೊಂದು ದಿನ ಸಂಗಮೇಶನ್ನ ಕರ್ಕೊಂಡು ದುರ್ಗಕ್ಕೆ ಹೋಗಿದ್ದೆ."

"ಹೋಗ್ಲಿ, ಆಳು ಅಂತ ಬರೆಸೋದಾ? ನಾಕು ಜನ ಓದಿದ್ರೆ?"

"ನಾನೇನು ಮಾಡ್ಲಿ ಹೇಳ್ರಿ? ಆ ಪುಸ್ತಕದಾಗೆ ಗಂಡ ಅನ್ನೋ ಕಾಲಮ್ಮೇ ಇಲ್ಲ. ಎರಡು ಸಲ ಕೇಳ್ದೆ." ಬಸವಲಿಂಗಮ್ಮ ದನಿ ತಗ್ಗಿಸಿದರು. "ಎರಡು ವರ್ಷದಿಂದ ನಿದ್ದೆಯಾಗೂ ಬಂದೂಕು ಹೊಡೆಯೋರಂಗೆ ಬೆರಳು ಮಡಚ್ಕೊಂಡು ಮಲಗ್ತೀರಿ. ನನ್ನ ಕೈಲಿ ನೋಡಕ್ಕಾಗ್ಲಿಲ್ಲ."

ಜಯದೇವಪ್ಪ ಜೇಬಿನಿಂದ ಪೆನ್ನು ತೆಗೆದರು. ಕೇಳಿದರು: "ಸಹಿ ಎಲ್ಲಿ ಮಾಡ್ಲಿ?"

"ಇಲ್ಲಿ," ಅಂತ ಬೆರಳಿಟ್ಟು ತೋರಿಸಿದರು ಬಸವಲಿಂಗಮ್ಮ. ತೋರಿಸಿದ ಕಡೆ ಅವರು ಸಹಿ ಮಾಡಿದರು.

ಸಾಹೇಬರು ಪೆನ್ನು ಹಿಡಿದು, ಮುಖದ ಒಂದು ಗೆರೆಯೂ ಅಲುಗಿಸದೆ ಕೇಳಿದರು, "ಆಳು ಎಷ್ಟು ವರ್ಷದಿಂದ ಇದ್ದಾರಮ್ಮ?"

"ಇಪ್ಪತ್ಮೂರು."

"ನಂಬಿಕಸ್ತರಾ?"

ಬಸವಲಿಂಗಮ್ಮ ಗಂಡನನ್ನು ನೆತ್ತಿಯಿಂದ ಪಾದದವರೆಗೆ, ಬೆಳಕಿಗೆ ಹಿಡಿದ ನಳಿಗೆಯನ್ನು ನೋಡುವ ಹಾಗೆ ನೋಡಿದರು.

"ಒಳಗೆ ಚೊಕ್ಕ ಅದಾರೆ. ಸದ್ದೇ ಸ್ವಲ್ಪ ಜಾಸ್ತಿ."

ಸಾಹೇಬರು ಬಂದೂಕನ್ನು ಖಾಕಿ ಚೀಲಕ್ಕೆ ಹಾಕಿ, ಪ್ರಯಾಣದಲ್ಲಿ ಬೇರೆ ಇರಲಿ ಅಂತ ಅಗುಳಿಯನ್ನು ಬಿಚ್ಚಿ ಬಟ್ಟೆ ಸುತ್ತಿ ಮುಂದೆ ಚಾಚಿದರು. ಜಯದೇವಪ್ಪನವರ ಕೈ ಹೋಯಿತು. ಬಸವಲಿಂಗಮ್ಮನ ಕೈ ಇನ್ನೂ ಮುಂಚೆ ಹೋಗಿತ್ತು. ಅಗುಳಿ ಸೀದಾ ಎಲೆ ಅಡಿಕೆ ಸಂಚಿಗೆ ಇಳಿಯಿತು. ಅದಿಲ್ಲದ ಬಂದೂಕು ಬರೀ ಕೋಲು.

ಚಳ್ಳಕೆರೆ ಬಸ್ಸಿನಲ್ಲಿ ಜಯದೇವಪ್ಪ ಚೀಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ಕಿಟಕಿಯಿಂದ ಬಿಸಿಲು ಬಿದ್ದರೆ ಟವೆಲ್ಲು ಹೊದಿಸಿದರು. ದುರ್ಗ ದಾಟಿದ ಮೇಲೆ ಮೆಲ್ಲಗೆ ಕೇಳಿದರು.

"ಆ ಅಗುಳಿ?"

"ಬೀರುವಿನಾಗೆ, ಸೀರೆ ನಡುವೆ ಇರ್ತತೆ. ಕ್ಲಬ್ಬಿಗೆ ಹೋಗೋ ದಿನ ಕೊಡ್ತೀನಿ. ಬಂದ ತಕ್ಷಣ ವಾಪಸ್ಸು."

"ಮತ್ತೆ ಹೊಲಕ್ಕೆ ಹಂದಿ ಬಂದ್ರೆ?"

"ನನ್ನ ಕೂಗ್ರಿ. ತಗೊಂಡು ಬರ್ತೀನಿ."

"ನೀನು ಬೀರು ತೆಗೆದು, ಸೀರೆ ಸರಿಸಿ, ಅಗುಳಿ ಹುಡುಕಿ ಬರೋ ಹೊತ್ತಿಗೆ ಹಂದಿ ಅಲ್ಲಿರ್ತತೇನೇ?"

"ಎಲ್ಲಿರ್ತತೆ?" ಅಂದರು ಬಸವಲಿಂಗಮ್ಮ, ತಲೆಯನ್ನು ಅವರ ಭುಜಕ್ಕೆ ಆನಿಸಿ ಕಣ್ಣು ಮುಚ್ಚುತ್ತ. "ನೀವು ಕೂಗಿದ ಕೂಗಿಗೇ ಓಡಿಹೋಗಿರ್ತತೆ."